ಗಾಜಿನಾಚೆ ಕೂತವಳು

ಏಪ್ರಿಲ್ 9

ಅಕ್ಕಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬೈಯಬೇಡ. ಉತ್ತರ ಬರೆಯೋಣವೆಂದು ಕಾಗದ ಮುಂದಿಟ್ಟುಕೊಂಡರೆ ಕೂತಲ್ಲೇ ತೂಕಡಿಕೆ. ನಿನ್ನ ಗುಬ್ಬಿ ಗೂಬೆಯಾಗಿದ್ದಾಳೆ, ಅದೂ ರಾತ್ರಿ ಹಗಲು ಎರಡೂ ಹೊತ್ತು ನಿದ್ದೆ ಹೊಡೆಯುವ ಗೂಬೆ.

ಇಲ್ಲಿ ಬಿಸಿಲೋ ಬಿಸಿಲು. ಪ್ಲಾಟ್‌ಫಾರಂ ಮೇಲೆ ಬರಿಗಾಲಿಡುವಂತಿಲ್ಲ. ಹಮಾಲರು ನಲ್ಲಿಗೆ ತಲೆ ಕೊಟ್ಟು ನಿಂತಿರುತ್ತಾರೆ. ನಾನು ಮಾತ್ರ ನನ್ನ ಘೋಷಣೆ ಕೋಣೆಯಲ್ಲಿ, ಮೂರು ಕಡೆ ಗಾಜಿರುವ ಆ ಪೆಟ್ಟಿಗೆಯಲ್ಲಿ, ನೀನು ಹೆಣೆದುಕೊಟ್ಟ ಸ್ವೆಟರ್ ಹಾಕಿಕೊಂಡು ಮೈಕಿನ ಮುಂದೆ ಕೂತಿರುತ್ತೇನೆ. ಸ್ಟೇಷನ್ ಮಾಸ್ಟರ್ ಇಣುಕಿ ನೋಡಿ, "ಏನಮ್ಮಾ, ಊರಿಗೆಲ್ಲ ಒಬ್ಬ ಸೂರ್ಯ, ನಿನಗೊಬ್ಬಳಿಗೇ ಬೇರೆ ಸೂರ್ಯನಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಅವರೆಲ್ಲ ನಕ್ಕು ಮುಗಿಸಿದ ಮೇಲೆ. ಈಚೆಗೆ ಹಾಗಾಗುತ್ತಿದೆ. ಮಾತು ನನ್ನ ಹತ್ತಿರ ಬಂದು ಮುಟ್ಟುವುದು ತಡವಾಗುತ್ತದೆ.

ಗಂಟಲು ಕಟ್ಟಿದೆ. ಧೂಳಿಗಿರಬೇಕು. ಅದಕ್ಕೇ ಫೋನ್ ಮಾಡುತ್ತಿಲ್ಲ, ಬೇರೆ ಏನೂ ಇಲ್ಲ.

ನೀನು ಯಾವಾಗ ಆ ಬೆಟ್ಟದ ಮೇಲಿನ ಆಸ್ಪತ್ರೆ ಬಿಟ್ಟು ಬರುತ್ತೀ? ಎದೆ ರೋಗದವರ ಹಾಸಿಗೆ ಬಟ್ಟೆ ಎಣಿಸುತ್ತಾ ಎಷ್ಟು ವರ್ಷ ಕಳೆಯುತ್ತೀ? ಇಲ್ಲಿ ನಿನಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುತ್ತದೆ. ಕೇಳಿದಾಗಲೆಲ್ಲ ಮಾತು ತೇಲಿಸಿಬಿಡುತ್ತೀ.

ನಿನ್ನ
ಗುಬ್ಬಿ


ಏಪ್ರಿಲ್ 21

ಗುಬ್ಬೀ,

ಮೈಗಳ್ಳತನಕ್ಕೆ ಯಾವ ಅಂಗಡಿಯಲ್ಲೂ ಮದ್ದು ಸಿಗುವುದಿಲ್ಲ. ಬೆಳಿಗ್ಗೆ ಬೇಗ ಏಳು, ಸ್ಟೇಷನ್‌ವರೆಗೂ ನಡೆದು ಹೋಗು, ಮೂರು ಹೊತ್ತು ಸರಿಯಾಗಿ ಊಟ ಮಾಡು. ಒಂಟಿಯಾಗಿದ್ದರೆ ಹೀಗೇ, ಹೇಳುವವರು ಕೇಳುವವರು ಇರುವುದಿಲ್ಲ. ಅಥವಾ ಯಾವನಾದರೂ ಹುಡುಗ ಕೈಕೊಟ್ಟನೋ? ನನ್ನ ಹತ್ತಿರ ಮುಚ್ಚಿಡಬೇಡ. ಅಪ್ಪ ಹೋದ ಮೇಲೆ ನಿನಗೆ ಅಪ್ಪ ಅಮ್ಮ ಎರಡೂ ನಾನೇ ತಾನೇ?

ಇಲ್ಲಿ ಬಾಯ್ಲರ್ ಕೆಟ್ಟು ಕೂತಿದೆ. ಒಗೆಯಲು ಬಂದ ಹಾಸುಗಳು ಛಾವಣಿ ಮುಟ್ಟಿವೆ. ಮಡಿಸಿ, ವಾರ್ಡಿನ ಗುರುತು ಹಾಕಿ, ಮಹಡಿಗೆ ಕಳಿಸುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರುವುದಿಲ್ಲ. ಆದರೂ ಈ ಕೆಲಸ ನನಗೆ ಒಗ್ಗಿದೆ. ಆ ವಿಷಯ ಬಿಡು.

ನಿನಗೊಂದು ಕೋಟು ಹೊಲಿದು ಕಳಿಸಿದ್ದೇನೆ. ಹಳೆಯ ಅಳತೆಯೇ. ನೀನೇನು ಬೆಳೆಯುವ ಮಗುವೇ? ಮಧ್ಯಾಹ್ನದ ಹೊತ್ತು ಬಟ್ಟೆ ಕೋಣೆಯ ಫೋನಿಗೆ ನಾನೇ ಸಿಗುತ್ತೇನೆ. ಒಂದು ಸಲ ಮಾಡು. ನಿನ್ನ ಚಿಲಿಪಿಲಿ ಕೇಳದೆ ಕಿವಿ ತುಕ್ಕು ಹಿಡಿದಿದೆ.

ಅಕ್ಕ


ಮೇ 18

ಅಕ್ಕಾ,

ಕೋಟು ಬಂತು. ಚೆನ್ನಾಗಿದೆ. ತೋಳಿನ ಹತ್ತಿರ ಸ್ವಲ್ಪ ಬಿಗಿ.

ಒಂದು ವಿಷಯ ಹೇಳಬೇಕು. ನಗಬೇಡ. ಹುಡುಗ ಗಿಡುಗ ಏನೂ ಅಲ್ಲ.

ಸಂಜೆ ದೀಪ ಹಾಕಿದ ಕೂಡಲೇ ನನ್ನ ಕೋಣೆಯ ಗಾಜಿನಾಚೆ ಒಬ್ಬಳು ಬಂದು ಕೂರುತ್ತಾಳೆ. ಶಾಲು ಹೊದ್ದಿರುತ್ತಾಳೆ. ಮುಖ ನೀರಲ್ಲಿ ನೆನೆದಂತೆ ಊದಿಕೊಂಡಿದೆ. ರೆಪ್ಪೆಗಳು ಭಾರ. ಹುಬ್ಬು ಅರ್ಧಕ್ಕೇ ನಿಂತುಹೋಗಿದೆ, ಉಳಿದರ್ಧ ಯಾರೋ ಒರೆಸಿದ ಹಾಗೆ. ನಾನು ಗಾಡಿಯ ಹೆಸರು ಹೇಳುವಾಗ ಅವಳೂ ತುಟಿ ಅಲ್ಲಾಡಿಸುತ್ತಾಳೆ, ಆದರೆ ನಿಧಾನವಾಗಿ. ನನಗೆ ಹೇಳಿಕೊಡುತ್ತಿರುವಂತೆ.

ನಿನ್ನದೇ ನೆರಳು ಕಣೇ ಎನ್ನುತ್ತೀ. ನನ್ನ ಮುಖ ನನಗೆ ಗೊತ್ತಿಲ್ಲವೇ ಅಕ್ಕಾ?

ಗಾಜಿನಲ್ಲಿ ಮಾತ್ರವಾಗಿದ್ದರೆ ಸುಮ್ಮನಿರುತ್ತಿದ್ದೆ. ಹೋದ ವಾರದ ರಜೆ ಮಧ್ಯಾಹ್ನ ಬಾಡಿಗೆ ಕೋಣೆಯಲ್ಲಿ ಮಲಗಿದ್ದೆ. ಕಣ್ಣು ಬಿಟ್ಟರೆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಅವಳು. ನನ್ನ ಕಡೆ ತಿರುಗಲಿಲ್ಲ. "ಕಿಟಕಿ ಮುಚ್ಚಿ. ಗಾಳಿ ಒಳಗೆ ಬಂದು ಕೂತಿದೆ" ಎಂದಳು. ಗಂಡಸಿನಂಥ ಒಡಕು ಧ್ವನಿ. ನಾನು ಎದ್ದು ಕಿಟಕಿ ಮುಚ್ಚಿದೆ. ಹೆದರಿಕೆ ಆಗಲಿಲ್ಲ ಎನ್ನುವುದೇ ಆಮೇಲೆ ಹೆದರಿಕೆ ತಂದಿತು. ತಿರುಗಿ ನೋಡಿದರೆ ಕುರ್ಚಿ ಖಾಲಿ.

ದಿಂಬಿನ ಮೇಲೆ ಹಿಡಿ ಹಿಡಿ ಕೂದಲು ಸಿಗುತ್ತದೆ. ಅದೆಲ್ಲ ನನ್ನದೇ ಇರಲಿಕ್ಕಿಲ್ಲ.

ಗುಬ್ಬಿ


ಮೇ 27

ಗುಬ್ಬೀ,

ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ? ಸ್ಟೇಷನ್ನಿನಲ್ಲಿ? ಮನೆಯೊಡತಿಗೆ? ಹೇಳಿರದಿದ್ದರೆ ಹೇಳಬೇಡ. ಡಾಕ್ಟರ ಹತ್ತಿರವಂತೂ ಹೋಗಲೇಬೇಡ. ನನ್ನ ಮೇಲಾಣೆ.

ಆ ಮಾತನ್ನು ನಿನಗೆ ಯಾರು ಹೇಳಿದರು? ಗಾಳಿ ಬಂದು ಕೂತಿದೆ ಅನ್ನುವ ಮಾತು. ಎಲ್ಲಿ ಕೇಳಿದ್ದು? ನೆನಪು ಮಾಡಿಕೊಂಡು ಬರೆ.

ಕೋಣೆ ಬದಲಾಯಿಸು. ಆ ಕುರ್ಚಿಯನ್ನು ಹೊರಗೆ ಹಾಕು. ಸಂಜೆಯ ಪಾಳಿ ಬೇಡವೆನ್ನು. ಹೊಟ್ಟೆ ತುಂಬ ಉಂಡು, ಮೈ ಬೆವರುವಷ್ಟು ಕೆಲಸ ಮಾಡು. ಬೆವರಿದರೆ ಎಲ್ಲ ಸರಿಯಾಗುತ್ತದೆ.

ಅಕ್ಕ


ಜೂನ್ 16

ಗುಬ್ಬೀ,

ನಿನ್ನ ಉತ್ತರವಿಲ್ಲ. ನನಗೂ ಮನಸ್ಸು ನೆಟ್ಟಗಿಲ್ಲ.

ನಿನ್ನೆ ಮಧ್ಯಾಹ್ನ ಬಟ್ಟೆ ಕೋಣೆಯ ಫೋನ್ ಹೊಡೆದುಕೊಂಡಿತು. ಎತ್ತಿದೆ. ಬಾವಿಯ ತಳದಲ್ಲಿ ಕಲ್ಲು ಎಳೆದಂಥ ಧ್ವನಿಯಲ್ಲಿ ಒಬ್ಬ ಹೆಂಗಸು "ಅಕ್ಕಾ" ಎಂದಳು. ಇಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ನನ್ನನ್ನು ಅಕ್ಕ ಎಂದೇ ಕರೆಯುವುದು, ಅದರಲ್ಲೇನೂ ಇಲ್ಲ. ಆದರೆ ಆ ಧ್ವನಿಯನ್ನು ನಾನು ಬಲ್ಲೆ. ಆ ಧ್ವನಿಯವರು ಫೋನಿನವರೆಗೆ ನಡೆದು ಬರುವವರಲ್ಲ. ಫೋನ್ ಇಟ್ಟುಬಿಟ್ಟು ಮೆಟ್ಟಿಲು ಹತ್ತಿ ಮೇಲೆ ಓಡಿ ಹೋಗಿ ನೋಡಿದೆ. ಅವರು ಎಲ್ಲಿರಬೇಕೋ ಅಲ್ಲೇ ಇದ್ದರು. ಗೋಡೆ ನೋಡುತ್ತಾ.

ಏನೋ ಬರೆಯಲು ಹೋಗಿ ಏನೋ ಬರೆದೆ. ತಲೆಗೆ ಹಚ್ಚಿಕೊಳ್ಳಬೇಡ. ಹೇಗಿದ್ದೀ, ಎರಡು ಸಾಲು ಬರೆ.

ಅಕ್ಕ


ಜೂನ್ 28

ಅಕ್ಕಾ,

ಅದು ನಾನು. ಫೋನ್ ಮಾಡಿದ್ದು ನಾನೇ.

ನೀನು ಇಟ್ಟುಬಿಟ್ಟೆ. ಇನ್ನೊಮ್ಮೆ ಮಾಡಲು ಧೈರ್ಯ ಬರಲಿಲ್ಲ. ಹೆತ್ತವರಿಲ್ಲದ ಮೇಲೆ ನನ್ನ ಧ್ವನಿ ಗುರುತಿಸಬೇಕಾದವಳು ನೀನೊಬ್ಬಳೇ.

ಮೈಕಿನಿಂದ ನನ್ನನ್ನು ಎಬ್ಬಿಸಿದ್ದಾರೆ. ಹೇಳಬಾರದೆಂದಿದ್ದೆ. ಮೊದಲು ಪ್ರಯಾಣಿಕರು, "ಯಾರ್ರೀ ಅದು, ಗಂಡಸೋ ಹೆಂಗಸೋ, ನಿದ್ದೇಲಿ ಮಾತಾಡಿದ ಹಾಗಿದೆ" ಎಂದು ದೂರಿದರು. ಆಮೇಲೆ ಒಂದು ದಿನ ಬರುವ ಗಾಡಿಗೆ ಬೇರೆ ಪ್ಲಾಟ್‌ಫಾರಂ ಹೇಳಿಬಿಟ್ಟೆ. ಜನ ಎದ್ದೂ ಬಿದ್ದೂ ಓಡಿದರು. ಒಬ್ಬ ಮುದುಕ ಮೆಟ್ಟಿಲಲ್ಲಿ ಉರುಳಿ ಮಣಿಕಟ್ಟು ಮುರಿದುಕೊಂಡ. ಸ್ಟೇಷನ್ ಮಾಸ್ಟರ್ ಕೂಗಾಡಲಿಲ್ಲ. "ಮೊದಲು ನೀನು ಮಾತಾಡಿದ್ರೆ ಇಡೀ ಸ್ಟೇಷನ್ ಎದ್ದು ಕೂತ್ಕೊಳ್ತಿತ್ತು. ಏನಾಯ್ತಮ್ಮಾ ನಿನಗೆ?" ಎಂದರು. ಉತ್ತರ ಹುಡುಕುತ್ತಾ ನಿಂತೆ. ಸಿಗುವಷ್ಟರಲ್ಲಿ ಅವರು ಹೋಗಿಯಾಗಿತ್ತು.

ಈಗ ಪ್ರಯಾಣಿಕರು ಮರೆತುಹೋದ ಸಾಮಾನಿಡುವ ಕೋಣೆ ನನ್ನದು. ಛತ್ರಿಗಳು, ಒಂಟಿ ಚಪ್ಪಲಿಗಳು, ಯಾರದೋ ಹಲ್ಲಿನ ಸೆಟ್ಟು. ಯಾರೂ ಬರುವುದಿಲ್ಲ. ಮೈಕಿಗೆ ಹೊಸಬರು ಸಿಕ್ಕಿಲ್ಲವೆಂದು ನಾನು ಮೊದಲ ವರ್ಷ ಮಾತಾಡಿ ತುಂಬಿಸಿಟ್ಟ ಟೇಪುಗಳನ್ನೇ ಹಾಕುತ್ತಿದ್ದಾರೆ. ಇಡೀ ದಿನ ಆ ಹುಡುಗಿ ಮಾತಾಡುತ್ತಾಳೆ. ಎಷ್ಟು ತಿಳಿ ಧ್ವನಿ, ಎಷ್ಟು ಚುರುಕು. "ದಯವಿಟ್ಟು ಗಮನಿಸಿ" ಎನ್ನುತ್ತಾಳೆ. ನಾನು ಇಲ್ಲಿ ಕೂತಿದ್ದೇನೆ, ಅವಳು ಅಲ್ಲಿ ಕೆಲಸ ಮಾಡುತ್ತಿದ್ದಾಳೆ. ಹಾಗಾದರೆ ನಾನು ಯಾರು?

ನೀನು ಮೇಲೆ ಓಡಿ ಹೋಗಿ ಯಾರನ್ನು ನೋಡಿ ಬಂದೆ?

ಗುಬ್ಬಿ


ಜುಲೈ 4

ಗುಬ್ಬೀ, ನನ್ನ ಕಂದಾ,

ಕ್ಷಮಿಸು. ನನ್ನ ಕಿವಿಗೆ ಏನಾಗಿತ್ತೋ.

ನೀನು ಕೆಲಸಕ್ಕೆ ರಜೆ ಹಾಕು. ಮನೆಯಿಂದ ಹೊರಗೆ ಬರಬೇಡ, ಯಾರ ಹತ್ತಿರವೂ ಹೆಚ್ಚು ಮಾತು ಬೇಡ. ಜನ ಒಮ್ಮೆ ಒಂದು ಮಾತು ಅಂದುಬಿಟ್ಟರೆ, ಒಂದು ಕಾಗದಕ್ಕೆ ಸಹಿ ಬಿದ್ದರೆ, ಆಮೇಲೆ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ನಾನೇ ಬರಬೇಕು, ಆದರೆ ಇಲ್ಲಿ ಒಬ್ಬರಿಗೆ ಆರೋಗ್ಯ ಬಹಳ ಕೆಟ್ಟಿದೆ, ಬಿಟ್ಟು ಬರುವಂತಿಲ್ಲ. ಎರಡು ಕಂಬಳಿ ಕಳಿಸಿದ್ದೇನೆ. ನೀನಾಗಿ ಇಲ್ಲಿಗೆ ಮಾತ್ರ ಬರಬೇಡ.

ಅಕ್ಕ


ಜುಲೈ 17

ಗುಬ್ಬೀ,

ಕಂಬಳಿ ಮುಟ್ಟಿತೇ? ಒಂದು ಸಾಲು ಸಾಕು. ಖಾಲಿ ಕಾಗದವಾದರೂ ಲಕೋಟೆಗೆ ಹಾಕಿ ಕಳಿಸು. ವಿಳಾಸ ನಿನ್ನ ಕೈಬರಹದಲ್ಲಿದ್ದರೆ ಸಾಕು.

ಅಕ್ಕ


ಜುಲೈ 29

ಗುಬ್ಬೀ,

ಇನ್ನು ತಡೆಯಲಾರೆ. ಸ್ಟೇಷನ್‌ಗೆ ಫೋನ್ ಹಚ್ಚಿದರೆ ಯಾರೋ ಎತ್ತಿ ಪಕ್ಕಕ್ಕಿಟ್ಟು ಹೋದರು. ಹಿಂದೆ, ದೂರದಲ್ಲಿ, ನಿನ್ನ ಧ್ವನಿ ಗಾಡಿಗಳ ಹೆಸರು ಹೇಳುವುದು ಕೇಳಿಸಿತು. "ಗುಬ್ಬೀ, ಗುಬ್ಬೀ" ಎಂದು ಕೂಗಿದೆ. ಅದು ಹೇಳುತ್ತಲೇ ಹೋಯಿತು. ಸೋಮವಾರ ಹೊರಟು ಬರುತ್ತಿದ್ದೇನೆ.

ಅಕ್ಕ


ಜುಲೈ 30

ಅಕ್ಕಾ,

ಹೆದರಬೇಡ, ಇದನ್ನು ಓದಿ ಹೊರಟುಬರಲೂ ಬೇಡ. ಆಸ್ಪತ್ರೆಯ ಹಾಸಿಗೆಯಿಂದ ಬರೆಯುತ್ತಿದ್ದೇನೆ. ನೀನು ಹೆದರಿದಂಥ ಆಸ್ಪತ್ರೆಯಲ್ಲ. ಅಪಾಯ ಕಳೆದಿದೆ ಎಂದಿದ್ದಾರೆ.

ನೀನು ಹೇಳಿದಂತೆ ಬಾಗಿಲು ಹಾಕಿಕೊಂಡು ಮಲಗಿದೆ. ಎದ್ದು ಕಾಗದ ತೆಗೆಯುವುದು ಬೆಟ್ಟ ಹತ್ತಿದಂತೆ ಅನ್ನಿಸುತ್ತಿತ್ತು. ಹಾಲು ತೆಗೆದುಕೊಳ್ಳಲು ಬಾಗಿಲು ತೆರೆಯುತ್ತಿಲ್ಲವೆಂದು ಮನೆಯೊಡತಿ ಚಿಲಕ ಒಡೆಸಿದರಂತೆ. ನೆಲದ ಮೇಲೆ ಬಿದ್ದಿದ್ದೆ. ಮುಟ್ಟಿ ನೋಡಿ ಅವರು ಚೀರಿದ್ದು ಬೀದಿಗೆಲ್ಲ ಕೇಳಿತಂತೆ. "ಹೆಣದ ಹಾಗಿದ್ದೆ ಕಣಮ್ಮಾ, ಇನ್ನೇನು ನಿಮ್ಮಕ್ಕನಿಗೆ ತಂತಿ ಕೊಡಬೇಕು ಅಂತಿದ್ದೆ, ಅಷ್ಟರಲ್ಲಿ ಗೊರಕೆ ಹೊಡೆದೆ" ಎಂದು ಈಗ ಬಂದವರಿಗೆಲ್ಲ ಹೇಳುತ್ತಾರೆ. ಡಾಕ್ಟರಿಗೆ ಥರ್ಮಾಮೀಟರೇ ಕೆಟ್ಟಿದೆ ಅನ್ನಿಸಿತಂತೆ, ಇನ್ನೊಂದು ತರಿಸಿದರಂತೆ. ಅದೂ ಅಷ್ಟೇ ಕಡಿಮೆ ತೋರಿಸಿತಂತೆ.

ಈ ಡಾಕ್ಟರಮ್ಮ ನನಗಿಂತ ಸ್ವಲ್ಪವೇ ದೊಡ್ಡವರು. ಕತ್ತು ಮುಟ್ಟಿ ನೋಡಿದರು. ಹಿಮ್ಮಡಿಯ ಹಿಂದೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ನನ್ನ ಪಾದ ಸ್ವಲ್ಪ ಯೋಚನೆ ಮಾಡಿ ಆಮೇಲೆ ಅಲುಗಿತು. ರಕ್ತ ತೆಗೆದರು. ಥೈರಾಯ್ಡ್ ಅಂತೆ. "ಗಂಟಲಿನ ಮುಂದೆ ಒಂದು ಗ್ರಂಥಿ ಇದೆ, ಅದು ಮೈಗೆಲ್ಲ ಒಲೆ ಇದ್ದ ಹಾಗೆ. ನಿಮ್ಮದು ಆರೋಕೆ ಬಂದಿದೆ. ಅದಕ್ಕೇ ಚಳಿ, ನಿದ್ದೆ, ಊತ, ಧ್ವನಿ, ಕೂದಲು, ಎಲ್ಲಾ" ಎಂದರು. ಒಂದು ಚಿಕ್ಕ ಬಿಳಿ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಚಹಾಕ್ಕೂ ಮೊದಲು. ಜೀವನಪೂರ್ತಿ.

ಆಣೆ ಮುರಿದೆ ಅಕ್ಕಾ, ಗಾಜಿನವಳ ಬಗ್ಗೆಯೂ ಹೇಳಿದೆ. ಅವರು ನಗಲಿಲ್ಲ. "ಬಹಳ ದಿನ ಹಾಗೇ ಬಿಟ್ರೆ ಇಲ್ಲದವರು ಕಾಣ್ತಾರೆ, ಮಾತೂ ಆಡ್ತಾರೆ. ಹುಚ್ಚು ಅಂದ್ಕೊಂಡು ಎಷ್ಟೋ ಜನರನ್ನ ಒಳಗೆ ಹಾಕಿಬಿಟ್ಟಿದ್ದಾರೆ" ಎಂದು ಕನ್ನಡಿ ತಂದು ಕೊಟ್ಟರು. ಅದರಲ್ಲಿ ಅವಳೇ ಇದ್ದಳು. ನಾನೇ ಅವಳು. ಆದರೆ ಕುರ್ಚಿಯಲ್ಲಿ ಕೂತು ಮಾತಾಡಿದ್ದು ನಾನಲ್ಲ. ಆ ಮಾತು ನನಗೆ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು.

"ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ? ನಿಮ್ಮ ತಾಯಿಗೆ?" ಎಂದು ಕೇಳಿದರು. ನನಗೆ ಆರು ವರ್ಷವಿದ್ದಾಗ ಜ್ವರದಲ್ಲಿ ತೀರಿಕೊಂಡರು ಎಂದೆ. ಬೇರೆ ಏನಾದರೂ ಇದ್ದರೆ ನೀನು ಬರೆ.

ಗುಬ್ಬಿ


ಆಗಸ್ಟ್ 12

ಗುಬ್ಬೀ,

ಈ ಪತ್ರವನ್ನು ಎಷ್ಟು ಸಲ ಹರಿದೆನೋ. ಕೂತುಕೊಂಡು ಓದು.

ಅಮ್ಮ ಬದುಕಿದ್ದಾಳೆ. ನನ್ನ ತಲೆಯ ಮೇಲಿನ ಮಹಡಿಯಲ್ಲಿ. ಇದು ಎದೆ ರೋಗದ ಆಸ್ಪತ್ರೆಯಲ್ಲ, ಮನೋರೋಗಿಗಳದ್ದು.

ನೀನು ಹುಟ್ಟಿದ ಮೇಲೆ ಶುರುವಾಯಿತು. ಮೊದಲು ಚಳಿ. ಆಮೇಲೆ ಕೂತರೆ ಕೂತಲ್ಲೇ. ಮುಖ ಊದಿತು, ಹುಬ್ಬು ಉದುರಿತು, ಧ್ವನಿ ದಪ್ಪವಾಯಿತು. ಮನೆಗೆ ಬಂದವರು "ಇವಳೊಳಗೆ ಬೇರೆ ಯಾರೋ ಹೊಕ್ಕಿದ್ದಾರೆ" ಎಂದು ಪಿಸುಗುಟ್ಟುತ್ತಿದ್ದರು. ಮೂಲೆಯಲ್ಲಿ ಯಾರೋ ಕೂತಿದ್ದಾರೆಂದು ಅಮ್ಮ ಕೂಡ ಹೇಳತೊಡಗಿದಳು. ಬೇಸಿಗೆಯ ನಡುಹಗಲಲ್ಲಿ, "ಕಿಟಕಿ ಮುಚ್ಚಿ, ಗಾಳಿ ಒಳಗೆ ಬಂದು ಕೂತಿದೆ" ಎನ್ನುತ್ತಿದ್ದಳು. ನೀನು ಅವಳ ಕಾಲ ಬಳಿ ಆಡಿಕೊಂಡಿರುತ್ತಿದ್ದೆ. ಆಗ ಕೇಳಿದ್ದು ನಿನ್ನ ಕಿವಿಯಲ್ಲಿ ಎಲ್ಲೋ ಉಳಿದಿರಬೇಕು. ಹಾಗೆಂದು ನಾನು ನಂಬಿಕೊಂಡಿದ್ದೇನೆ. ಬೇರೆ ಥರ ನಂಬಲು ನನಗೆ ಧೈರ್ಯವಿಲ್ಲ.

ಅಪ್ಪ ಇಲ್ಲಿಗೆ ತಂದು ಬಿಟ್ಟರು. "ಚಿಕ್ಕವಳಿಗೆ ಅಮ್ಮ ಸತ್ತಳು ಅಂತ್ಲೇ ಇರ್ಲಿ. ನಾಳೆ ಅವಳ ಬದುಕಿಗೆ ಈ ಮಾತು ಅಡ್ಡ ಬರಬಾರದು" ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಬಟ್ಟೆ ಕೋಣೆಗೆ ಸೇರಿದ್ದು ಅವಳ ಹಾಸುಗಳನ್ನಾದರೂ ನನ್ನ ಕೈಯಿಂದ ಮಡಿಸೋಣ ಎಂದು. ಹದಿನೇಳು ವರ್ಷದಿಂದ ಅವಳು ಗೋಡೆ ನೋಡುತ್ತಿದ್ದಾಳೆ. ನಿನ್ನ ಮೇ ತಿಂಗಳ ಪತ್ರ ಓದಿದಾಗ ಆ ರೋಗ ನಿನ್ನನ್ನೂ ಹುಡುಕಿಕೊಂಡು ಬಂತೆಂದು ನನ್ನ ಜೀವ ಹಾರಿತು. ನಿನ್ನನ್ನೂ ಇದೇ ಮಹಡಿಗೆ ಹತ್ತಿಸುತ್ತಾರೆಂದು ಡಾಕ್ಟರ್ ಬೇಡವೆಂದೆ. ಕಾಯಲು ಹೋಗಿ ನಿನ್ನನ್ನು ಕೊಂದೇಬಿಡುತ್ತಿದ್ದೆ.

ನಿನ್ನ ಪತ್ರ ಹಿಡಿದುಕೊಂಡು ಇಲ್ಲಿಯ ಹೊಸ ಡಾಕ್ಟರ ಕೋಣೆಗೆ ಹೋದೆ. ಅವರು ಎರಡು ಸಲ ಓದಿ, ಎದ್ದು ಮೆಟ್ಟಿಲು ಹತ್ತಿದರು. ಅಮ್ಮನ ಕತ್ತಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ನಿಂತಿದ್ದರು. ರಕ್ತ ಕಳಿಸಿದ್ದಾರೆ.

ಅಕ್ಕ


ಆಗಸ್ಟ್ 23

ಅಕ್ಕಾ,

ನಿನ್ನ ಮೇಲೆ ಸಿಟ್ಟು ಬರಬೇಕಾದರೂ ಈ ಮಾತ್ರೆ ಕೆಲಸ ಮಾಡಬೇಕಿತ್ತು. ಮಾಡುತ್ತಿದೆ.

ಹದಿನೇಳು ವರ್ಷ ನೀನು ನನಗೆ ಅಮ್ಮನ ಕೈರುಚಿಯ ಕಥೆ ಹೇಳಿದೆ, ಅಮ್ಮ ಲಾಲಿ ಹಾಡುತ್ತಿದ್ದ ಕಥೆ ಹೇಳಿದೆ. ಒಂದೊಂದು ಕಥೆ ಬರೆದು ಮುಗಿಸಿದಾಗಲೂ ಎದ್ದು ಮಹಡಿಗೆ ಹೋಗಿ ಅವಳನ್ನು ನೋಡಿ ಬರುತ್ತಿದ್ದೆ ಅಲ್ಲವೇ?

ಸದ್ಯಕ್ಕೆ ಬರೆಯಬೇಡ. ರಕ್ತದ ಫಲಿತಾಂಶ ಬಂದರೆ ಅಷ್ಟು ಮಾತ್ರ ಬರೆ.

ಗುಬ್ಬಿ


ಸೆಪ್ಟೆಂಬರ್ 3

ಗುಬ್ಬೀ,

ಅದೇ. ನಿನ್ನದೇ ಕಾಯಿಲೆ. ಹೃದಯ ಬಹಳ ಸೋತಿರುವುದರಿಂದ ಮಾತ್ರೆಯ ಚೂರಿನಿಂದ ಶುರು ಮಾಡಿದ್ದಾರೆ. ಬೆಳಿಗ್ಗೆ ನಾನೇ ಕೊಡುತ್ತೇನೆ.

ಅಕ್ಕ


ನವೆಂಬರ್ 8

ಗುಬ್ಬೀ,

ನೀನು ಬರೆಯಬೇಡ ಎಂದೆ, ನಾನು ಇಷ್ಟು ದಿನ ಸುಮ್ಮನಿದ್ದೆ. ಇನ್ನು ಆಗದು. ಇಲ್ಲಿ ಆಗುತ್ತಿರುವುದನ್ನು ಒಬ್ಬಳೇ ನೋಡಲು ನನಗೆ ಭಯವಾಗುತ್ತದೆ.

ಮೊದಲು ಕಂಬಳಿ ಒದ್ದಳು. ಹಾಸಿನ ಮೇಲೆ ಬೆವರಿನ ಕಲೆ ಕಂಡು ನಾನು ಅದನ್ನು ಒಗೆಯಲು ಹಾಕದೆ ಮುಖಕ್ಕೊತ್ತಿಕೊಂಡೆ. ಆಮೇಲೆ ಮುಖದ ಊತ ಇಳಿಯುತ್ತಾ ಬಂತು. ದಿನಕ್ಕಿಷ್ಟು, ದಿನಕ್ಕಿಷ್ಟು, ಕೆರೆಯ ನೀರು ಇಳಿದು ಮುಳುಗಿದ ಮನೆ ಕಾಣಿಸಿಕೊಂಡಂತೆ ಅಮ್ಮ ಕಾಣಿಸತೊಡಗಿದಳು. ಹೋದ ವಾರ ಗೋಡೆಯಿಂದ ಈ ಕಡೆ ತಿರುಗಿದಳು. ತನ್ನ ಕೈಗಳನ್ನು ಎತ್ತಿ ಹಿಡಿದು, "ಇದು ಯಾರ ಕೈ?" ಎಂದಳು. ನಿನ್ನದೇ ಅಮ್ಮಾ ಎಂದರೆ ಒಪ್ಪಲಿಲ್ಲ. "ಇದು ಮುದುಕಿಯ ಕೈ. ನನ್ನದನ್ನ ಎಲ್ಲಿಟ್ಟಿದ್ದೀರಿ?" ಎಂದಳು.

ನಿನ್ನೆ ನನ್ನನ್ನು ಗುರುತಿಸಿದಳು. "ನೀನ್ಯಾಕೆ ಇಷ್ಟು ಸೊರಗಿದ್ದೀ?" ಎಂದು ಗದರಿದಳು. ಆಮೇಲೆ ಬಾಗಿಲು ನೋಡುತ್ತಾ, "ಗುಬ್ಬಿ ಸ್ಕೂಲಿಂದ ಬಂದ್ಲಾ?" ಎಂದಳು. ಇನ್ನೂ ಬಂದಿಲ್ಲ ಎಂದೆ.

ಬಾ ಗುಬ್ಬೀ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಜೊತೆಗೆ ತಂದುಕೋ. ಬಾ.

ಅಕ್ಕ


ಡಿಸೆಂಬರ್ 2

ಅಕ್ಕಾ,

ನಿನ್ನೆ ವಾಪಸ್ ಊರಿಗೆ ಬಂದು ಸೇರಿದೆ. ಹೊರಡುವಾಗ ಇಬ್ಬರೂ ಅತ್ತೆವು, ಹೇಳಬೇಕಾದದ್ದನ್ನು ಹೇಳಲಾಗಲಿಲ್ಲ. ನೀನು ಬಟ್ಟೆ ಕೋಣೆಗೆ ಇಳಿದು ಹೋದಾಗ ಅಮ್ಮನ ಹತ್ತಿರ ನಾನೊಬ್ಬಳೇ ಇದ್ದೆನಲ್ಲ, ಆಗ ನಡೆದದ್ದು.

ನಾನೇ ಗುಬ್ಬಿ ಎಂದು ನೀನು ಹೇಳಿದಾಗ ಅವಳು ನಕ್ಕಿದ್ದು ನೋಡಿದೆಯಲ್ಲ, ಪರರ ಮಕ್ಕಳ ತಮಾಷೆಗೆ ನಗುವಂತೆ. ನೀನು ಹೋದ ಮೇಲೆ ನನ್ನನ್ನೇ ದಿಟ್ಟಿಸಿ ನೋಡಿದಳು. "ನೀವು ಇಲ್ಲಿಗೆ ಹೊಸಬರಾ?" ಎಂದು ಕೇಳಿದಳು. ಹೌದು ಎಂದೆ. "ಏನು ಕೆಲಸ?" ಸ್ಟೇಷನ್ನಿನಲ್ಲಿ ಗಾಡಿಗಳ ಹೆಸರು ಕೂಗುತ್ತೇನೆ, ಧ್ವನಿ ಕೆಟ್ಟಿತ್ತು, ಈಗ ಮುಕ್ಕಾಲು ಪಾಲು ಬಂದಿದೆ, ಮುಂದಿನ ತಿಂಗಳು ಮತ್ತೆ ಮೈಕ್ ಕೊಡುತ್ತಾರಂತೆ ಎಂದೆ. "ಒಳ್ಳೇದು. ನಮ್ಮ ಗುಬ್ಬೀನೂ ಬಾಯಿ ಮುಚ್ಚೋಳಲ್ಲ. ಆರು ವರ್ಷಕ್ಕೇ ಇಷ್ಟು ಮಾತು" ಎಂದಳು. ನಾನು ಮಂಚದ ತುದಿಯಲ್ಲಿ ಕೂತು ನನ್ನ ಬಗ್ಗೆ ಎಲ್ಲ ಕೇಳಿದೆ ಅಕ್ಕಾ. ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿಕೊಂಡು ಓಡುತ್ತಿದ್ದೆನಂತೆ. ಅವಳ ಕಣ್ಣು ಮಾತ್ರ ಬಾಗಿಲ ಮೇಲೆಯೇ ಇತ್ತು. ಒಮ್ಮೆ ನಾನೂ ತಿರುಗಿ ನೋಡಿದೆ. ಆ ಹುಡುಗಿ ಈಗ ಬಂದೇಬಿಡುತ್ತಾಳೆ, ಬಂದು ನನ್ನನ್ನು ಏಳು ಎನ್ನುತ್ತಾಳೆ ಅನ್ನಿಸಿತು.

ಮಾತ್ರೆಯ ಪ್ರಮಾಣ ನನಗಿನ್ನೂ ಹೊಂದಿಲ್ಲ. ಡಾಕ್ಟರಮ್ಮ ಮತ್ತೆ ಏರಿಸುತ್ತಾರಂತೆ. ಕೆಲವು ದಿನ ಒಲೆ ಉರಿಯುತ್ತದೆ, ಕೆಲವು ದಿನ ಬರೀ ಹೊಗೆ. ಮೊನ್ನೆ ಹೊಗೆಯ ದಿನ. ನೀರಿನ ಲೋಟ ಕೊಡುವಾಗ ನನ್ನ ಬೆರಳು ಅವಳ ಕೈಗೆ ತಾಗಿತು. ಅವಳು ಲೋಟ ಪಕ್ಕಕ್ಕಿಟ್ಟು ನನ್ನ ಎರಡೂ ಕೈಗಳನ್ನು ತನ್ನ ಕೈಗಳ ನಡುವೆ ಹಿಡಿದುಕೊಂಡಳು. ಬೆಚ್ಚಗಿದ್ದವು ಅಕ್ಕಾ, ಅವಳ ಕೈ. ಉಜ್ಜಿದಳು. ಊದಿದಳು. ಮತ್ತೆ ಉಜ್ಜಿದಳು.

"ಎಷ್ಟು ತಣ್ಣಗಿದೆ ಮಗೂ," ಎಂದಳು. "ಯಾಕೆ, ನಿಮ್ಮಮ್ಮ ನಿನ್ನನ್ನ ನೋಡ್ಕೊಳ್ಳಲ್ವಾ?"

"ನೋಡ್ಕೊಳ್ತಾಳೆ," ಎಂದೆ.

ನಿನ್ನ
ಗುಬ್ಬಿ